ಡಿಸ್ಕಾಗ್ಸ್: ತೊಂಬತ್ತರ ದಶಕದ ಸಿಂಗಲ್‌ಗಳಿಗೆ ಮೊದಲು ಕ್ಯಾಟಲಾಗ್, ಆಮೇಲೆ ಅಂಗಡಿ

ರೆಕಾರ್ಡ್‌ಗಳ ಮಾಹಿತಿಕೋಶವೂ ಮಾರುಕಟ್ಟೆಯೂ ಒಂದೇ ಕಡೆ ಇರುವ ತಾಣ ಡಿಸ್ಕಾಗ್ಸ್. 2000ದಲ್ಲಿ ಕೆವಿನ್ ಲೆವಾಂಡೋವ್ಸ್ಕಿ ಇದನ್ನು ಶುರುಮಾಡಿದಾಗ ಇದ್ದದ್ದು ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿ ಮಾತ್ರ; ಉಳಿದ ಪ್ರಕಾರಗಳೂ ಕೊಡುಕೊಳ್ಳುವಿಕೆಯೂ ಆಮೇಲೆ ಸೇರಿದವು. ತೊಂಬತ್ತರ ದಶಕದ ಆಲ್ಟರ್ನೇಟಿವ್ ಸಂಗೀತದ ಏಳಿಂಚಿನ ಸಿಂಗಲ್‌ಗಳ (ಬದಿಗೆ ಒಂದೆರಡು ಹಾಡಿನ ಸಣ್ಣ ರೆಕಾರ್ಡ್‌ಗಳ) ಮಟ್ಟಿಗೆ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕ್ಯಾಟಲಾಗ್ ಆಗಿ ಇದಕ್ಕೆ ಸಾಟಿಯಿಲ್ಲ, ಅಂಗಡಿಯಾಗಿ ಅರ್ಧಕ್ಕಷ್ಟೇ ನಂಬಬಹುದು. ಉಳಿದರ್ಧ ಕೊಳ್ಳುವವರ ಎಚ್ಚರದ ಮೇಲೆ ನಿಂತಿದೆ.

ಆ ಕಾಲದ ಸಿಂಗಲ್‌ಗಳನ್ನು ಗುರುತಿಸುವುದು ಯಾಕಿಷ್ಟು ತೊಡಕು? ದೊಡ್ಡ ಕಂಪನಿಗಳು ಸಿ.ಡಿ.ಯ ಕಡೆ ಹೊರಳಿದ್ದ ಹೊತ್ತಿನಲ್ಲಿ ಏಳಿಂಚಿನ ರೆಕಾರ್ಡನ್ನು ಉಳಿಸಿಕೊಂಡವರು ಸಣ್ಣ ಲೇಬಲ್‌ನವರು, ಅಂದರೆ ಸಣ್ಣ ರೆಕಾರ್ಡ್ ಕಂಪನಿಗಳು. ಅಮೆರಿಕದಲ್ಲಿ ಸಬ್ ಪಾಪ್, ಕೆ, ಮರ್ಜ್, ಕಿಲ್ ರಾಕ್ ಸ್ಟಾರ್ಸ್, ಸಿಂಪಲ್ ಮೆಷೀನ್ಸ್. ಬ್ರಿಟನ್ನಿನಲ್ಲಿ ಸಾರಾ ರೆಕಾರ್ಡ್ಸ್, ಫಿಯರ್ಸ್ ಪಾಂಡಾ. ಒಂದು ಸಲಕ್ಕೆ ಒತ್ತಿಸುತ್ತಿದ್ದದ್ದು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಪ್ರತಿ. ಕವರ್ ಅಂದರೆ ಹಲವು ಸಲ ಜೆರಾಕ್ಸ್ ಮಾಡಿ ಮಡಚಿದ ಕಾಗದ. ರೆಕಾರ್ಡ್ ನಡುವೆ ಅಂಟಿಸಿದ ಕಾಗದದ ಲೇಬಲ್ ಮೇಲೆ ವರ್ಷ ಇರುವುದಿಲ್ಲ, ವೇಗ ಇರುವುದಿಲ್ಲ, ಕೆಲವದರಲ್ಲಿ ತಂಡದ ಹೆಸರೇ ಇರುವುದಿಲ್ಲ. ಬಾರ್‌ಕೋಡ್ ಅಂತೂ ಅಪರೂಪ. ಹಾಗಾಗಿ ಡಿಸ್ಕಾಗ್ಸ್ ಆ್ಯಪ್‌ನ ಬಾರ್‌ಕೋಡ್ ಸ್ಕ್ಯಾನರ್ ಸಿ.ಡಿ.ಗಳಿಗೆ ಎಷ್ಟೇ ಅನುಕೂಲವಾಗಿದ್ದರೂ ಇಲ್ಲಿ ಹೆಚ್ಚುಕಡಿಮೆ ನಿರುಪಯೋಗಿ. ಹೆಸರಿನಿಂದ ಹುಡುಕಿದರೂ ಒಂದೇ ಹೆಸರಿನ ಹತ್ತಾರು ತಂಡಗಳು ಎದುರಾಗುತ್ತವೆ. ಕ್ಯಾಟಲಾಗ್ ಸಂಖ್ಯೆಯನ್ನು ಲೇಬಲ್‌ನ ಹೆಸರಿನ ಜೊತೆ ಸುಧಾರಿತ ಹುಡುಕಾಟದಲ್ಲಿ ಹಾಕುವುದೇ ಹತ್ತಿರದ ದಾರಿ.

ಅದೂ ಕೈಕೊಟ್ಟರೆ ಉಳಿಯುವುದು ರನ್‌ಔಟ್: ಹಾಡು ಮುಗಿದ ಮೇಲೆ ಲೇಬಲ್‌ನ ಅಂಚಿನವರೆಗೆ ಉಳಿಯುವ ನುಣುಪಾದ ಪಟ್ಟಿ. ಈ ತಾಣದ ನಿಜವಾದ ಬೆಲೆ ಇರುವುದು ಇಲ್ಲಿ. ರೆಕಾರ್ಡನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಕೆತ್ತಿದ ಅಕ್ಷರಗಳು ಎದ್ದು ಕಾಣುತ್ತವೆ. ಕೈಯಲ್ಲಿ ಗೀಚಿದ್ದು ಸಾಮಾನ್ಯವಾಗಿ ಲ್ಯಾಕರ್ (ಅಚ್ಚು ಮಾಡಲು ಹಾಡನ್ನು ಮೊದಲು ಕೆತ್ತುವ ತಟ್ಟೆ) ಕತ್ತರಿಸಿದ ಎಂಜಿನಿಯರ್‌ನ ಗುರುತು. ಅಚ್ಚೊತ್ತಿದ ಅಕ್ಷರ ಹಲವು ಸಲ ಕಾರ್ಖಾನೆಯದು. ಯು ಅಕ್ಷರದಿಂದ ಶುರುವಾಗುವ ಸಂಖ್ಯೆ ನ್ಯಾಶ್‌ವಿಲ್‌ನ ಯುನೈಟೆಡ್ ರೆಕಾರ್ಡ್ ಪ್ರೆಸಿಂಗ್‌ನದು, ಎಸ್ ಅಕ್ಷರದ ಸಂಖ್ಯೆ ಕ್ಯಾಲಿಫೋರ್ನಿಯಾದ ರೇನ್‌ಬೋ ರೆಕಾರ್ಡ್ಸ್‌ನದು. ಸಂಖ್ಯೆಯ ಬಾಲದಲ್ಲಿ ಇ ಥರದ ಒಂದು ಅಕ್ಷರ, ಆಮೇಲೆ ಓರೆಗೆರೆ ಹಾಕಿ ಎ ಅಥವಾ ಬಿ ಇದ್ದರೆ ಅದು ಹೆಚ್ಚಾಗಿ ಚೆಕ್ ಗಣರಾಜ್ಯದ ಜಿಝಡ್ ಕಾರ್ಖಾನೆಯ ಕೆಲಸ. ಬ್ರಿಟಿಷ್ ರೆಕಾರ್ಡ್‌ನಲ್ಲಿ ಪೋರ್ಕಿ ಎಂದು ಗೀಚಿದ್ದರೆ ಕತ್ತರಿಸಿದವರು ಜಾರ್ಜ್ ಪೆಕ್‌ಹಮ್. ಅಮೆರಿಕದ ಎಷ್ಟೋ ಸ್ವತಂತ್ರ ಸಿಂಗಲ್‌ಗಳಲ್ಲಿ ಜಾನ್ ಗೋಲ್ಡನ್ ಅವರ ಹೆಸರೇ ಸಿಗುತ್ತದೆ.

ಈ ಅಕ್ಷರಗಳನ್ನು ಇದ್ದದ್ದು ಇದ್ದ ಹಾಗೆ, ಖಾಲಿ ಜಾಗ, ಗೀಟು, ಹೊಡೆದುಹಾಕಿದ ಅಂಕಿಗಳ ಸಮೇತ ಬರೆದುಕೊಂಡು ಡಿಸ್ಕಾಗ್ಸ್ ಪುಟದ ಗುರುತುಸಂಖ್ಯೆಗಳ ವಿಭಾಗಕ್ಕೆ ಹೋಲಿಸಿ. ಒಂದೇ ಬಿಡುಗಡೆಯ ಕೆಳಗೆ ವೇರಿಯಂಟ್ 1, ವೇರಿಯಂಟ್ 2 ಎಂದು ಬೇರೆ ಬೇರೆ ಕೆತ್ತನೆಗಳು ದಾಖಲಾಗಿರುತ್ತವೆ. ಅವು ಹೊಂದಿದರೂ ಅಷ್ಟಕ್ಕೇ ನಿಲ್ಲಬೇಡಿ. ಸಣ್ಣ ಲೇಬಲ್‌ಗಳು ಅದೇ ಅಚ್ಚಿನಿಂದ ಎರಡನೇ, ಮೂರನೇ ಸಲ ಒತ್ತಿಸಿದ್ದುಂಟು. ಆಗ ಬದಲಾಗುವುದು ರೆಕಾರ್ಡ್‌ನ ಬಣ್ಣ, ಲೇಬಲ್‌ನ ಕಾಗದ, ಕವರಿನ ಶಾಯಿ, ಹಿಂಬದಿಯ ವಿಳಾಸ. ಒಳಗಿನ ಚೀಟಿಯಲ್ಲಿ ವೆಬ್ ವಿಳಾಸ ಮುದ್ರಿಸಿದ್ದರೆ ಅದನ್ನು 1991ರ ಮೊದಲ ಅಚ್ಚು ಎಂದು ಮಾರುವುದನ್ನು ನಂಬಬೇಕಾಗಿಲ್ಲ.

ನಡುವಿನ ತೂತನ್ನೂ ನೋಡಿ. ಬ್ರಿಟನ್ನಿನಲ್ಲಿ ಜ್ಯೂಕ್‌ಬಾಕ್ಸ್‌ಗೆಂದು (ನಾಣ್ಯ ಹಾಕಿದರೆ ಹಾಡುವ ಯಂತ್ರಕ್ಕೆಂದು) ದೊಡ್ಡ ತೂತು ಕೊರೆದ, ಚಿತ್ರದ ಕವರ್ ಇಲ್ಲದ ಪ್ರತಿಗಳು ಬೇರೆಯೇ ಇವೆ. ಅವನ್ನು ಕವರ್ ಕಳೆದುಕೊಂಡ ಸಾಮಾನ್ಯ ಪ್ರತಿ ಎಂದುಕೊಳ್ಳುವುದೂ, ಕವರ್ ಕಳೆದ ಪ್ರತಿಯನ್ನು ಜ್ಯೂಕ್‌ಬಾಕ್ಸ್ ಆವೃತ್ತಿ ಎಂದು ಮಾರುವುದೂ ಎರಡೂ ನಡೆಯುತ್ತವೆ.

ಸರಣಿಗಳನ್ನು ಬೆನ್ನುಹತ್ತುವವರಿಗೆ ಈ ತಾಣ ಬಹಳ ಒಳ್ಳೆಯದು. ಸಿಂಪಲ್ ಮೆಷೀನ್ಸ್ 1993ರಲ್ಲಿ ತಿಂಗಳಿಗೊಂದರಂತೆ ತಂದ ಹನ್ನೆರಡು ಸಿಂಗಲ್‌ಗಳು, ಕೆ ಲೇಬಲ್‌ನ ಇಂಟರ್‌ನ್ಯಾಷನಲ್ ಪಾಪ್ ಅಂಡರ್‌ಗ್ರೌಂಡ್ ಮಾಲೆ, ಚಂದಾದಾರರಿಗೆಂದು ಸಬ್ ಪಾಪ್ ನಡೆಸಿದ ಸಿಂಗಲ್ಸ್ ಕ್ಲಬ್: ಇವಕ್ಕೆಲ್ಲ ಸರಣಿ ಪುಟಗಳಿವೆ. ಯಾವುದು ಕೈಲಿದೆ, ಯಾವುದು ಬೇಕು ಅನ್ನುವುದನ್ನು ಒಂದೇ ನೋಟದಲ್ಲಿ ಗುರುತುಮಾಡಿಕೊಳ್ಳಬಹುದು.

ಇನ್ನು ಅಂಗಡಿ. ಇಲ್ಲಿ ಸ್ಥಿತಿಯನ್ನು ಹೇಳುವುದು ಗೋಲ್ಡ್‌ಮೈನ್ ಪತ್ರಿಕೆಯ ಶ್ರೇಣಿಯಲ್ಲಿ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಹಾಗೇ ಕೆಳಗೆ. ರೆಕಾರ್ಡಿಗೊಂದು ದರ್ಜೆ, ಕವರಿಗೊಂದು. ಹೆಸರುಗಳು ಮೋಸ ಮಾಡುತ್ತವೆ: ವೆರಿ ಗುಡ್ ಎಂದರೆ ಹಾಡಿನ ಮೆದು ಭಾಗಗಳಲ್ಲಿ ಚರಚರ ಸದ್ದು ಸ್ಪಷ್ಟವಾಗಿ ಕೇಳುವ ರೆಕಾರ್ಡ್. ಅದಕ್ಕಿಂತ ದೊಡ್ಡ ತೊಂದರೆ, ಬಹುಪಾಲು ಮಾರಾಟಗಾರರು ದರ್ಜೆ ಕೊಡುವುದು ಕಣ್ಣಿನಿಂದ, ಕಿವಿಯಿಂದಲ್ಲ. ತೊಂಬತ್ತರ ಸಿಂಗಲ್‌ಗಳಲ್ಲಿ ಕಣ್ಣಿಗೆ ಸುಲಭವಾಗಿ ಬೀಳದ ಮೂರು ದೋಷಗಳು ಪದೇ ಪದೇ ಬರುತ್ತವೆ.

ಮೊದಲನೆಯದು ಪಿವಿಸಿ ಕವರಿನ ಮಬ್ಬು. ಆ ಕಾಲದ ಎಷ್ಟೋ ಸಿಂಗಲ್‌ಗಳು ಮೆದುವಾದ ಪಾರದರ್ಶಕ ಪಿವಿಸಿ ಚೀಲದಲ್ಲಿ ಬಂದವು. ಅದನ್ನು ಮೆದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಜರ್ ವರ್ಷಗಳು ಕಳೆದಂತೆ ಹೊರಬಂದು ರೆಕಾರ್ಡ್‌ನ ಮೈಗೆ ಹತ್ತುತ್ತದೆ. ಹಾಲುಬಣ್ಣದ ಮಸುಕು, ನುಡಿಸಿದರೆ ನಿಲ್ಲದ ಹಿಸ್ ಸದ್ದು. ಮೇಲ್ಮೈಯೇ ಕೆಟ್ಟಿರುವುದರಿಂದ ತೊಳೆದರೆ ಹೋಗುವುದಿಲ್ಲ. ಒಮ್ಮೆಯೂ ನುಡಿಸದ ರೆಕಾರ್ಡ್ ಕೂಡ ಹೀಗೆ ಹಾಳಾಗಬಹುದು. ಆದ್ದರಿಂದ ‘ನುಡಿಸಿಲ್ಲ’ ಅನ್ನುವ ಮಾತು ಭರವಸೆಯಲ್ಲ. ಹಳೆಯ ಚೀಲದಲ್ಲೇ ಬಂದ ಪ್ರತಿಯನ್ನು ಅದೇ ದಿನ ಹೊರತೆಗೆದು ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್ ಕವರಿಗೆ ಹಾಕಿ. ಮೂಲ ಚೀಲ ಬೇಕೇ ಬೇಕು ಅನ್ನುವವರು ಅದನ್ನು ಬೇರೆಯಾಗಿ ಎತ್ತಿಡಲಿ, ರೆಕಾರ್ಡನ್ನು ಅದರೊಳಗೆ ಮರಳಿ ಇಡಬೇಡಿ.

ಎರಡನೆಯದು, ಬಣ್ಣದ ವಿನೈಲ್‌ನಲ್ಲಿ ಹೆಚ್ಚು ಕಾಡುವ ತುಂಬದ ಗೆರೆ. ಒತ್ತುವಾಗ ಬಿಸಿ ವಿನೈಲ್ ಅಚ್ಚಿನ ಮೂಲೆಮೂಲೆಗೂ ಹರಿಯದಿದ್ದರೆ ಗೆರೆಯ ಗೋಡೆಯಲ್ಲಿ ಖಾಲಿ ಉಳಿಯುತ್ತದೆ. ನುಡಿಸಿದಾಗ ಬಟ್ಟೆ ಹರಿದಂಥ ಸದ್ದು, ಹೆಚ್ಚಾಗಿ ಒಂದೇ ಚಾನೆಲ್‌ನಲ್ಲಿ. ಕಾರ್ಖಾನೆಯ ದೋಷವಾದ್ದರಿಂದ ರೆಕಾರ್ಡ್ ಹೊಳೆಯುವ ಹೊಸದರಂತೆ ಇದ್ದೂ ಹೀಗಾಗುತ್ತದೆ. ಮೂರನೆಯದು ತುರುಕಿದ ಇಪಿಗಳದು, ಅಂದರೆ ಸಿಂಗಲ್‌ಗಿಂತ ಹೆಚ್ಚು ಹಾಡು ಹಿಡಿಸಿದ ರೆಕಾರ್ಡ್‌ಗಳದು. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಏಳಿಂಚಿನ ಒಂದು ಬದಿಗೆ ಸುಮಾರು ನಾಲ್ಕು ನಿಮಿಷ ಚೆನ್ನಾಗಿ ಹಿಡಿಸುತ್ತದೆ, 33⅓ರಲ್ಲಿ ಆರರ ಆಸುಪಾಸು. ನಾಲ್ಕು ಹಾಡುಗಳನ್ನು ಸೇರಿಸಲು ಅದನ್ನು ಮೀರಿದವರು ಶಬ್ದದ ಮಟ್ಟ ತಗ್ಗಿಸಿ ಕತ್ತರಿಸಬೇಕಾಯಿತು. ಒಳಸುತ್ತಿನ ಹಾಡು ಒಡಕಲಾಗಿ ಕೇಳುತ್ತದೆ. ಇದು ಆ ಪ್ರತಿಯ ತಪ್ಪಲ್ಲ, ಎಲ್ಲ ಪ್ರತಿಗಳೂ ಹಾಗೆಯೇ. ಇಂಥದನ್ನು ಪುಟದ ಟಿಪ್ಪಣಿಯಲ್ಲಿ, ಓದುಗರ ಅಭಿಪ್ರಾಯಗಳಲ್ಲಿ ಹುಡುಕಿ ನೋಡಿ. ಒಳ್ಳೆಯ ಪ್ರತಿ ಸಿಕ್ಕೀತೆಂದು ಮೂರು ಸಲ ಕೊಳ್ಳುವ ಖರ್ಚು ಉಳಿಯುತ್ತದೆ.

ಕವರಿನ ದರ್ಜೆಯಲ್ಲಿ ಒಳಚೀಟಿಯ ಲೆಕ್ಕವೇ ಇರುವುದಿಲ್ಲ. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ (1987–1995) ಸಿಂಗಲ್‌ಗಳ ಜೊತೆ ಪೋಸ್ಟರು, ಪೋಸ್ಟ್‌ಕಾರ್ಡು, ಬರಹದ ಹಾಳೆ ಇಟ್ಟು ಕಳಿಸುತ್ತಿತ್ತು. ಅವಿಲ್ಲದ ಪ್ರತಿಗೂ ‘ಕವರ್: ನಿಯರ್ ಮಿಂಟ್’ ಎಂದು ಬರೆಯಲು ಇಲ್ಲಿ ಅಡ್ಡಿಯಿಲ್ಲ. ಕೊಳ್ಳುವ ಮೊದಲು ಮಾರಾಟಗಾರರಿಗೆ ಒಂದೇ ಸಂದೇಶದಲ್ಲಿ ಕೇಳಿಬಿಡಿ: ನುಡಿಸಿ ನೋಡಿದ್ದೀರಾ? ರೆಕಾರ್ಡ್ ಮೇಲೆ ಮಬ್ಬು ಇದೆಯೇ? ಒಳಚೀಟಿಗಳು ಎಲ್ಲವೂ ಇವೆಯೇ? ರನ್‌ಔಟ್‌ನಲ್ಲಿ ಏನಿದೆ? ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ರೆಕಾರ್ಡನ್ನು ಕೈಗೆತ್ತಿಕೊಳ್ಳಲೇಬೇಕು, ಹಾಗಾಗಿ ಉಳಿದ ಉತ್ತರಗಳೂ ನೆಟ್ಟಗೆ ಬರುತ್ತವೆ. ಉತ್ತರಿಸದವರಿಂದ ಕೊಳ್ಳಬೇಡಿ.

ಬೆಲೆಯ ವಿಚಾರ. ಪ್ರತಿ ಪುಟದಲ್ಲೂ ಕನಿಷ್ಠ, ಮಧ್ಯಮ, ಗರಿಷ್ಠ ಮಾರಾಟ ಬೆಲೆ ಕಾಣುತ್ತದೆ. ಮಧ್ಯಮ ಅಂಕಿಯನ್ನು ನೋಡಿ ಸುಮ್ಮನಾಗಬೇಡಿ. ಹರಿದ ಕವರಿನ ಪ್ರತಿ, ಅಚ್ಚುಕಟ್ಟಾದ ಪ್ರತಿ, ವರ್ಷಗಳ ಹಿಂದಿನ ಮಾರಾಟ ಎಲ್ಲ ಅದರಲ್ಲಿ ಕಲಸಿಹೋಗಿವೆ, ಅಂಚೆವೆಚ್ಚ ಸೇರಿಲ್ಲ. ಮಾರಾಟದ ಇತಿಹಾಸವನ್ನು ತೆರೆದು, ನಿಮಗೆ ಬೇಕಾದ ದರ್ಜೆಯ ಪ್ರತಿ ಯಾವಾಗ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಮಾತ್ರ ಗಮನಿಸಿ. ವರ್ಷಕ್ಕೊಂದೋ ಎರಡೋ ಮಾರಾಟವಾಗುವ ಸಿಂಗಲ್‌ನಲ್ಲಿ ಒಬ್ಬ ಅವಸರದ ಗಿರಾಕಿ ಕೊಟ್ಟ ಬೆಲೆಯೇ ಮುಂದಿನವರ ಕೇಳಿಕೆಯಾಗಿಬಿಡುತ್ತದೆ. ಇಡೀ ಸಂಗ್ರಹದ ಮೌಲ್ಯ ಎಂದು ತಾಣ ತೋರಿಸುವ ಮೊತ್ತವೂ ಇದೇ ಅಂಕಿಗಳ ಕೂಡಿಕೆ. ಅದನ್ನು ವಿಮೆಗೋ ಮಾರಾಟಕ್ಕೋ ಆಧಾರವಾಗಿ ಹಿಡಿಯಬಾರದು.

ಮಾರಾಟಗಾರರಿಂದ ತಾಣ ಪಡೆಯುವ ಶುಲ್ಕವನ್ನು 2023ರಲ್ಲಿ ಶೇ 9ಕ್ಕೆ ಏರಿಸಿ ಅಂಚೆವೆಚ್ಚಕ್ಕೂ ಹಚ್ಚಲಾಯಿತು. ಅದು ಕೊನೆಗೆ ಇಳಿಯುವುದು ಕೊಳ್ಳುವವರ ತಲೆಯ ಮೇಲೆಯೇ. ಅಗ್ಗದ ಸಿಂಗಲ್‌ಗಳಲ್ಲಿ ರೆಕಾರ್ಡಿಗಿಂತ ಸಾಗಣೆಯೇ ದುಬಾರಿ. ಏಳಿಂಚಿನ ರೆಕಾರ್ಡ್ ನಲವತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ಒಂದೇ ಪೊಟ್ಟಣದಲ್ಲಿ ಐದಾರು ತರಿಸಿದರೆ ತಲಾ ವೆಚ್ಚ ಬಹಳ ಇಳಿಯುತ್ತದೆ. ಬೇಕಾದವುಗಳ ಪಟ್ಟಿಯನ್ನು ಉದ್ದ ಮಾಡಿಟ್ಟು, ಒಬ್ಬ ಮಾರಾಟಗಾರರ ಬಳಿ ಅದರಲ್ಲಿನ ಎಷ್ಟು ರೆಕಾರ್ಡ್‌ಗಳಿವೆ ಎಂದು ತೋರಿಸುವ ಸೌಲಭ್ಯವನ್ನು ಬಳಸಿ. ಈ ಒಂದು ಸೌಲಭ್ಯಕ್ಕಾಗಿಯೇ ಅಂಗಡಿಯ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು.

ಕಟ್ಟುವ ರೀತಿಯನ್ನು ಆರ್ಡರ್ ಕೊಡುವಾಗಲೇ ಬರೆದು ತಿಳಿಸಿ. ರೆಕಾರ್ಡನ್ನು ಚಿತ್ರದ ಕವರಿನಿಂದ ಹೊರತೆಗೆದು, ಒಳಕಾಗದದೊಂದಿಗೆ ಅದರ ಹಿಂದೆ ಇಡಬೇಕು. ಒಳಗೇ ಬಿಟ್ಟರೆ ದಾರಿಯಲ್ಲಿ ಪೆಟ್ಟು ಬಿದ್ದಾಗ ರೆಕಾರ್ಡಿನ ಅಂಚು ಕವರಿನ ಹೊಲಿಗೆಯನ್ನು ಸೀಳುತ್ತದೆ. ಮಡಚಿದ ಜೆರಾಕ್ಸ್ ಕವರಾದರೆ ಮಡಿಕೆಯಲ್ಲೇ ಹರಿಯುತ್ತದೆ. ಎರಡೂ ಬದಿಗೆ ಸುಕ್ಕುರಟ್ಟಿನ ಹಾಳೆ, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಪೊಟ್ಟಣ ಅದೇ ಗೆರೆಯುದ್ದಕ್ಕೂ ಬಾಗುತ್ತದೆ.

ನಕಲಿಗಳ ವಿಷಯದಲ್ಲಿ ತಾಣದ ನಿಲುವು ಗಟ್ಟಿಯಾಗಿದೆ: ಅನಧಿಕೃತ ಎಂದು ದಾಖಲಾದವನ್ನು ಮಾರಲು ಬಿಡುವುದಿಲ್ಲ. ಆದರೆ ನಕಲಿಯನ್ನು ಮೂಲದ ಪುಟದ ಕೆಳಗೆ ಮಾರಾಟಕ್ಕೆ ಹಾಕಿದರೆ ತಾಣಕ್ಕೆ ತಾನಾಗಿ ತಿಳಿಯುವುದಿಲ್ಲ. ಸಬ್ ಪಾಪ್ ಸಿಂಗಲ್ಸ್ ಕ್ಲಬ್‌ನ ಮೊದಲ ರೆಕಾರ್ಡ್, ನಿರ್ವಾಣ ತಂಡದ 1988ರ ‘ಲವ್ ಬಝ್’, 1000 ಪ್ರತಿಗಳಿಗೆ ಕೈಬರಹದ ಸಂಖ್ಯೆ ಹಾಕಿ ಹೊರಬಂತು. ಅದರ ನಕಲುಗಳು ಹೇರಳ. ಸಂಖ್ಯೆಯನ್ನು ಯಾರು ಬೇಕಾದರೂ ಪೆನ್ನಿನಲ್ಲಿ ಬರೆಯಬಹುದು. ರನ್‌ಔಟ್‌ನ ಹತ್ತಿರದ ಫೋಟೋ ಬರುವವರೆಗೆ ಹಣ ಕಳಿಸಬಾರದು. ನ್ಯೂಜಿಲೆಂಡಿನ ಜೆರಾಲ್ಡಿನ್‌ನಲ್ಲಿ ಪೀಟರ್ ಕಿಂಗ್ ಒಂದೊಂದಾಗಿ ಕತ್ತರಿಸಿದ ಪಾಲಿಕಾರ್ಬನೇಟ್ ರೆಕಾರ್ಡ್‌ಗಳ ಮಾತು ಬೇರೆ. ಲೇತ್ ಕಟ್ ಎಂಬ ಗುರುತಿನ ಕೆಳಗೆ ಸಿಗುವ ಇವುಗಳಲ್ಲಿ ಸದ್ದು ಕಡಿಮೆ, ಹಿನ್ನೆಲೆಯ ಕೊರೆತ ಹೆಚ್ಚು. ಅದು ಅವುಗಳ ಹುಟ್ಟುಗುಣ, ಸವೆತವಲ್ಲ.

ಹಂಚಿಕೊಳ್ಳುವುದರ ಬಗ್ಗೆ ಕೊನೆಯದಾಗಿ. ಡಿಸ್ಕಾಗ್ಸ್ ಹಾಡುಗಳನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಯೂಟ್ಯೂಬ್ ವಿಡಿಯೋಗಳನ್ನು ಬಿಡುಗಡೆಯ ಪುಟಕ್ಕೆ ಜೋಡಿಸಬಹುದು, ಅಷ್ಟೆ. ಜೋಡಿಸುವ ಮೊದಲು ಪೂರ್ತಿ ಕೇಳಿ. ವೇಗ ಬರೆಯದ ರೆಕಾರ್ಡ್‌ಗಳನ್ನು 33⅓ರ ಬದಲು 45ರಲ್ಲಿ ನುಡಿಸಿ ಏರಿಸಿದ ವಿಡಿಯೋಗಳು ಸಾಕಷ್ಟಿವೆ. ಗಾಯಕರ ದನಿ ಕೀಚಲಾಗಿದ್ದರೆ ಅನುಮಾನಿಸಿ. ನಿಮ್ಮಲ್ಲಿರುವ ಸಿಂಗಲ್‌ಗೆ ಪುಟವೇ ಇಲ್ಲದಿದ್ದರೆ ಹೊಸದನ್ನು ಸೇರಿಸಿ: ಎರಡೂ ಬದಿಯ ರನ್‌ಔಟ್, ವೇಗ, ತೂತಿನ ಅಳತೆ, ಬಣ್ಣ, ಒಳಚೀಟಿಯ ವಿವರ, ಲೇಬಲ್‌ನ ನೆರಳಿಲ್ಲದ ಫೋಟೋ. ವರ್ಷ ಎಲ್ಲೂ ಮುದ್ರಿಸಿಲ್ಲವಾದರೆ ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ನೀವು ಬರೆದ ಮಾಹಿತಿ ಎಲ್ಲರ ಉಚಿತ ಬಳಕೆಗೆ ತಿಂಗಳು ತಿಂಗಳು ಹೊರಬರುವ ದತ್ತಾಂಶದಲ್ಲಿ ಸೇರುತ್ತದೆ. ಒಂದು ತಪ್ಪು ವರ್ಷ ಅಲ್ಲಿಂದ ಎಷ್ಟು ಕಡೆ ಹರಡೀತು ಎಂದು ಹೇಳಲಾಗದು. ಚಿತ್ರಗಳಿಗೆ ಈ ಮುಕ್ತ ಪರವಾನಗಿ ಇಲ್ಲ.

ನಿಮ್ಮ ಸಂಗ್ರಹದ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಆಗಾಗ ಇಳಿಸಿಟ್ಟುಕೊಳ್ಳಿ. ಎರಡು ಪುಟಗಳು ಒಂದೇ ಬಿಡುಗಡೆಯವೆಂದು ಕಂಡಾಗ ಬಳಕೆದಾರರು ಅವನ್ನು ವಿಲೀನ ಮಾಡುತ್ತಾರೆ. ನಿಮ್ಮ ನೀಲಿ ಬಣ್ಣದ ಪ್ರತಿ ಕಪ್ಪು ಪ್ರತಿಯ ಪುಟಕ್ಕೆ ಹೋಗಿ ಸೇರಿದ್ದರೆ, ಹಳೆಯ ಕಡತವನ್ನು ಹೊಸದಕ್ಕೆ ಹೋಲಿಸಿದಾಗಲೇ ಅದು ಗೊತ್ತಾಗುವುದು.