ಪಂದಿಕರಿ ಪಕ್ಕಕ್ಕೆ ಯಾವ ಕೆಂಪು ವೈನ್? ಮೂರು ಬಾಟಲಿಗಳ ರುಚಿ

ಮಡಿಕೇರಿ ಪೇಟೆಯ ಅಂಗಡಿಗಳಲ್ಲಿ ಜೇನು, ಏಲಕ್ಕಿ, ಕಾಳುಮೆಣಸಿನ ಪಕ್ಕದಲ್ಲೇ ‘ಹೋಮ್ ಮೇಡ್ ವೈನ್’ ಸಾಲು ಇರುತ್ತದೆ. ಅದರಲ್ಲಿ ಕೆಂಪು ದ್ರಾಕ್ಷಿಯದನ್ನು ಕೊಂಡು ರಾತ್ರಿ ಪಂದಿಕರಿ (ಕೊಡಗಿನ ಹಂದಿಮಾಂಸದ ಕರಿ), ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಜತೆ ಕುಡಿಯುವವರೇ ಹೆಚ್ಚು. ಎರಡೂ ಬೇರೆ ಬೇರೆಯಾಗಿ ಚೆನ್ನ, ಒಟ್ಟಿಗೆ ಬಾಯಿಗಿಟ್ಟರೆ ವೈನ್ ಜಾಮೂನಿನ ಪಾಕದಂತಾಗುತ್ತದೆ. ಇದು ಕರಿಗೆ ಹಾಕುವ ಕಾಚಂಪುಳಿಯ, ಅಂದರೆ ಹಣ್ಣಿನ ರಸ ಬತ್ತಿಸಿ ಮಾಡಿದ ಕಪ್ಪು ಹುಳಿಯ ಕೆಲಸ. ಊಟದಲ್ಲಿ ಹುಳಿ ಜಾಸ್ತಿಯಿದ್ದರೆ ವೈನಿನ ಹುಳಿ ನಾಲಿಗೆಗೆ ಕಾಣುವುದಿಲ್ಲ. ಹುಳಿ ಮರೆಯಾದ ಸಿಹಿ ವೈನಿನಲ್ಲಿ ಉಳಿಯುವುದು ಬರೀ ಸಕ್ಕರೆ.

ಮೊದಲು ಆ ಬಾಟಲಿಯನ್ನೇ ನೋಡೋಣ. ಕೊಡಗಿನ ಮಳೆಗೆ ದ್ರಾಕ್ಷಿ ಗೊಂಚಲು ಬೂಷ್ಟು ಹಿಡಿಯುತ್ತದೆ, ಹಾಗಾಗಿ ಹಣ್ಣು ಬಯಲುಸೀಮೆಯದು. ಹೆಚ್ಚಾಗಿ ಬೆಂಗಳೂರು ಬ್ಲೂ ಎಂಬ ತಳಿ. ಲೋಟ ಮೂಗಿಗೆ ಹಿಡಿದ ತಕ್ಷಣ ದ್ರಾಕ್ಷಿ ಪೆಪ್ಪರಮಿಂಟಿನ ವಾಸನೆ ಬಂದರೆ ಅದೇ ತಳಿ. ವೈನ್ ದ್ರಾಕ್ಷಿಗಳಾದ ಕ್ಯಾಬರ್ನೆ, ಶಿರಾಜ್‌ಗಳಲ್ಲಿ ಈ ವಾಸನೆ ಇರುವುದಿಲ್ಲ. ಬಣ್ಣ ಗಾಢ, ಮೈ ತೆಳು, ಒಗರು ಕಡಿಮೆ, ಸಿಹಿ ಧಾರಾಳ. ಕೊಳ್ಳುವಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ತಳದಲ್ಲಿ ಒಂದಿಷ್ಟು ಗಷ್ಟು ಇದ್ದರೆ ತೊಂದರೆಯಿಲ್ಲ. ಕತ್ತಿನಲ್ಲಿ ಸಣ್ಣ ಗುಳ್ಳೆಗಳ ಉಂಗುರ ಕಂಡರೆ ಬೇಡ: ಉಳಿದ ಸಕ್ಕರೆಯನ್ನು ಸಾಯದ ಯೀಸ್ಟ್ ಒಳಗೇ ಹುದುಗಿಸುತ್ತಿದೆ ಎಂದರ್ಥ. ಅಂಥದ್ದು ಘಾಟಿ ಇಳಿದು ಮೈಸೂರು ಮುಟ್ಟುವಷ್ಟರಲ್ಲಿ ಬಿಸಿಗೆ ಮುಚ್ಚಳ ಹಾರಿಸಿ ಬಟ್ಟೆಯೆಲ್ಲ ನೇರಳೆ ಮಾಡೀತು. ತೆರೆದಾಗ ನೇಲ್ ಪಾಲಿಶ್ ವಾಸನೆ ಬಂದರೆ ಗಾಳಿ ಸೇರಿ ವಿನೆಗರ್ ದಾರಿ ಹಿಡಿದಿದೆ, ಚೆಲ್ಲಿಬಿಡಿ. ಆಲ್ಕೋಹಾಲ್ ಪ್ರಮಾಣ, ಬಾಟಲಿ ತುಂಬಿದ ದಿನ ಎರಡೂ ಇಲ್ಲದ ಲೇಬಲ್ ಅಂತೂ ಕೊಳ್ಳಲು ಯೋಗ್ಯವಲ್ಲ.

ಈ ಸಿಹಿ ವೈನ್ ಒಗ್ಗುವುದು ಹುಳಿಯಿಲ್ಲದ ಖಾರಕ್ಕೆ. ಗಾಂಧಾರಿ ಮೆಣಸು ಹಾಕಿದ ಒಣ ಫ್ರೈ ಜತೆ ಫ್ರಿಜ್‌ನಲ್ಲಿ ಒಂದು ಗಂಟೆ ತಣಿಸಿ ಕೊಟ್ಟರೆ ಸಿಹಿ ಉರಿಯನ್ನು ಆರಿಸುತ್ತದೆ. ಕ್ರಿಸ್‌ಮಸ್ ಪ್ಲಮ್ ಕೇಕಿಗೂ ಸೈ.

ಎರಡನೆಯದು ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ವೈನರಿಯ ಲಾ ರಿಸರ್ವ್. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಮಿಶ್ರಣ, ಫ್ರೆಂಚ್ ಓಕ್ ಪೀಪಾಯಿಯಲ್ಲಿ ಮಾಗಿದ್ದು. ಲೋಟದ ಮೂರನೇ ಒಂದು ಭಾಗ ಮಾತ್ರ ಸುರಿದು, ಹತ್ತು ಸಲ ತಿರುಗಿಸಿ, ಅರ್ಧ ಗಂಟೆ ಬಿಡಿ. ಮೊದಲು ಮರದ ವಾಸನೆ, ಆಮೇಲೆ ಕಪ್ಪು ಹಣ್ಣು, ಕೊನೆಯಲ್ಲಿ ಕಾಳುಮೆಣಸು. ಒಗರು ವಸಡಿಗೆ ಹಿಡಿಯುತ್ತದೆ, ಚಹಾ ಹೆಚ್ಚು ಕುದಿಸಿದಂತೆ. ಹಂದಿಯ ಕೊಬ್ಬು ಈ ಒಗರನ್ನು ಹದ ಮಾಡುತ್ತದೆ, ಮೆಣಸಿನಕಾಯಿಯ ಖಾರ ಅದನ್ನೇ ಕಹಿ ಮಾಡುತ್ತದೆ. ಹೀಗಾಗಿ ಖಾರದ ಗ್ರೇವಿಗಿಂತ ಹೊಗೆಯಲ್ಲಿ ಒಣಗಿಸಿದ ಮಾಂಸಕ್ಕೆ, ಕಾಳುಮೆಣಸಷ್ಟೇ ಹಾಕಿ ಕೊಬ್ಬು ಬಿಡುವವರೆಗೆ ಹುರಿದ ಪಂದಿ ಫ್ರೈಗೆ ಇದು ಹೇಳಿಮಾಡಿಸಿದ್ದು. ಅಣಬೆಯ ಕುಮ್ಮು ಕರಿಗೂ ನಡೆಯುತ್ತದೆ. ಎಳೆ ಬಿದಿರಿನ ಬೈಂಬಳೆ ಕರಿಗೆ ಬೇಡವೇ ಬೇಡ. ಕಳಲೆಯ ಹುದುಗಿದ ಘಾಟಿನ ಮುಂದೆ ಯಾವ ಕೆಂಪು ವೈನೂ ನಿಲ್ಲುವುದಿಲ್ಲ, ಅದಕ್ಕೆ ಬಿಯರ್ ವಾಸಿ.

ಪಂದಿಕರಿಗೆ ಸರಿಯಾದ ಜೋಡಿ ಸಿಕ್ಕಿದ್ದು ಮೂರನೆಯದರಲ್ಲಿ: ಹಂಪಿ ಸೀಮೆಯ ಕ್ರಿಸ್ಮಾ ಎಸ್ಟೇಟ್ಸ್‌ನ ಸ್ಯಾಂಜಿಯೊವೇಸೆ. ಇಟಲಿಯ ಈ ತಳಿಗೆ ಹುಟ್ಟುಗುಣವೇ ಹುಳಿ. ಕಾಚಂಪುಳಿ ಅದರ ಅರ್ಧ ಹುಳಿ ತಿಂದರೂ ಇನ್ನರ್ಧ ಉಳಿದು, ಬಾಯಲ್ಲಿ ಅಂಟಿದ ಕೊಬ್ಬನ್ನು ತೊಳೆಯುತ್ತದೆ. ಕಪ್ಪಾಗುವಂತೆ ಹುರಿದ ಕೊತ್ತಂಬರಿ, ಜೀರಿಗೆ, ಮೆಂತ್ಯದ ಕಹಿಯಂಚಿಗೆ ವೈನಿನ ಚೆರಿ ಹಣ್ಣಿನ ರುಚಿ ಎದುರಾಗಿ ನಿಲ್ಲುತ್ತದೆ. ಒಂದು ಷರತ್ತು: ಒಂದು ಕಿಲೋ ಮಾಂಸಕ್ಕೆ ಕಾಚಂಪುಳಿ ಒಂದು ದೊಡ್ಡ ಚಮಚ, ಅದೂ ಇಳಿಸುವ ಮುಂಚೆ. ಎರಡು ಚಮಚಕ್ಕೆ ಹೋದರೆ ಈ ವೈನೂ ನೀರಾಗುತ್ತದೆ. ಕಾಚಂಪುಳಿ ದುಬಾರಿ ಅಂತ ವಿನೆಗರ್ ಸುರಿಯುವ ಹೋಟೆಲುಗಳೂ ಇವೆ. ತಟ್ಟೆ ಬಂದಾಗ ಹುಳಿ ಮೂಗಿಗೆ ಮೊದಲು ಬಡಿದರೆ ವೈನ್ ತೆರೆಯಬೇಡಿ. ಕಾಚಂಪುಳಿ ಮೂಗಿಗಿಂತ ನಾಲಿಗೆಗೇ ಮೊದಲು ಗೊತ್ತಾಗುವಂಥದ್ದು.

ಪಕ್ಕಕ್ಕೆ ಕಡಂಬುಟ್ಟೇ ಇರಲಿ. ಉಪ್ಪು ಕಡಿಮೆ, ಎಣ್ಣೆ ಇಲ್ಲ, ಎರಡು ಗುಟುಕಿನ ನಡುವೆ ಬಾಯಿ ಸ್ವಚ್ಛ ಮಾಡುತ್ತದೆ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಆದರೆ ಗ್ರೇವಿ ಹೀರಿಕೊಂಡು ಪ್ರತಿ ತುತ್ತಿಗೂ ಖಾರ ಏರಿಸುತ್ತದೆ.

ಕೆಂಪು ವೈನ್ ‘ರೂಮ್ ಟೆಂಪರೇಚರ್’ನಲ್ಲಿ ಎನ್ನುವ ಮಾತು ಡಿಸೆಂಬರಿನ ಮಡಿಕೇರಿ ಸಂಜೆಗೆ ಸರಿಹೊಂದುತ್ತದೆ. ಬೇಕಾದ 16ರಿಂದ 18 ಡಿಗ್ರಿ ಅಲ್ಲಿ ತಾನಾಗಿಯೇ ಸಿಗುತ್ತದೆ. ಏಪ್ರಿಲಿನ ಕುಶಾಲನಗರದಲ್ಲಿ ಅದೇ ಬಾಟಲಿಯನ್ನು ಹಾಗೇ ತೆರೆದರೆ ಆಲ್ಕೋಹಾಲ್ ಮೂಗಿಗೆ ಚುಚ್ಚುತ್ತದೆ, ಕರಿಯ ಖಾರವೂ ದುಪ್ಪಟ್ಟು ಅನ್ನಿಸುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲೇ ನಿಲ್ಲಿಸಿಟ್ಟರೆ ಲಾ ರಿಸರ್ವ್ ಮೂರು ದಿನ ಬರುತ್ತದೆ, ಸ್ಯಾಂಜಿಯೊವೇಸೆ ಎರಡು ದಿನ. ಸಿಹಿ ಇದೆ ಅಂತ ಹೋಮ್ ಮೇಡನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಡಬೇಡಿ, ತೆರೆದ ವಾರದೊಳಗೆ ಮುಗಿಸಿ.