ವಂಡರ್‌ಲಾಗೆ ಬ್ಯಾಗು ಬೇಕೇ, ಬರಿಗೈ ಸಾಕೇ?

ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿ ಬಳಿಯ ಮನರಂಜನಾ ಉದ್ಯಾನ ವಂಡರ್‌ಲಾಗೆ ಹೊರಟವರು ಮೊದಲು ನೋಡಬೇಕಾದದ್ದು ಜೊತೆಗೆ ಯಾರಿದ್ದಾರೆ ಎಂಬುದನ್ನು.

ಇಬ್ಬರು ಮೂವರು ಗೆಳೆಯರಷ್ಟೇ ಆಗಿದ್ದು, ನೀರಿಗೆ ಇಳಿಯುವ ಯೋಚನೆ ಇಲ್ಲದಿದ್ದರೆ ಬರಿಗೈಯೇ ಸುಖ. ತಲೆಕೆಳಗಾಗಿಸುವ ಆಟಗಳಿಗೆ ಹೆಗಲಚೀಲ ಹೊತ್ತು ಹತ್ತುವಂತಿಲ್ಲ. ಅದನ್ನು ಕಾಯುತ್ತಾ ಯಾರಾದರೊಬ್ಬರು ಆಟ ತಪ್ಪಿಸಿಕೊಳ್ಳುತ್ತಾರೆ. ಜಿಪ್ ಇರುವ ಜೇಬಿನಲ್ಲಿ ಮೊಬೈಲ್, ಸ್ವಲ್ಪ ಹಣ ಇದ್ದರೆ ಆಯಿತು.

ನೀರಾಟಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿಗೆ ಹತ್ತಿಯ ಬಟ್ಟೆ ಸಲ್ಲದು, ನೈಲಾನ್‌ನಂಥ ಉಡುಪೇ ಆಗಬೇಕು. ಟವೆಲ್, ಒಣಬಟ್ಟೆ ಬೇರೆ. ಒಮ್ಮೆ ಚೀಲವಿಲ್ಲದೆ ಹೋಗಿ, ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸಂಜೆಯ ಬಸ್ಸಿನಲ್ಲಿ ನಿಂತು ಬಂದಿದ್ದೆ. ಹನಿ ಹನಿ ತೊಟ್ಟಿಕ್ಕಿ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯ ಸೆರಗು ಒದ್ದೆಯಾಯಿತು. ಆ ಸಂಕೋಚ ಇಂದಿಗೂ ಹೋಗಿಲ್ಲ.

ಮಕ್ಕಳಿದ್ದರಂತೂ ಬ್ಯಾಗು ಬೇಕೇ ಬೇಕು. ಆದರೆ ದಿನವಿಡೀ ಹೊರಬೇಡಿ. ಬಾಡಿಗೆಗೆ ಲಾಕರ್ ಸಿಗುತ್ತದೆ. ಹೊರಗಿನ ತಿಂಡಿಯನ್ನು ಒಳಗೆ ಬಿಡದ ಕಾರಣ ಬುತ್ತಿಯ ಭಾರವೂ ಇಲ್ಲ. ನನ್ನ ಆಯ್ಕೆ ಮಡಚಿಡಬಹುದಾದ ತೆಳು ಚೀಲ, ಒಳಗೆ ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಕವರ್. ಒಡವೆ ಮಾತ್ರ ಮನೆಯಲ್ಲೇ ಇರಲಿ.