ಕಾಂಗ್ಲಾಮರೇಟ್ ಶಿಲೆಗಳ ಮಾದರಿ ಪೆಟ್ಟಿಗೆ: ಕಲ್ಲು ಚೆನ್ನ, ಚೀಟಿ ಸಾಲದು

ಪದವಿ ತರಗತಿಯ ಭೂವಿಜ್ಞಾನ ಪ್ರಯೋಗಾಲಯಕ್ಕೆಂದು ಆನ್‌ಲೈನ್ ಮಳಿಗೆಯೊಂದರಿಂದ 1,800 ರೂಪಾಯಿಗೆ ತರಿಸಿಕೊಂಡ ಈ ಪೆಟ್ಟಿಗೆಯಲ್ಲಿ, ಮುಷ್ಟಿಗಾತ್ರದ ಐದು ಮಾದರಿಗಳಿವೆ. ಸವೆದು ದುಂಡಗಾದ ಉಂಡೆಗಲ್ಲುಗಳು ಒಟ್ಟಿಗೆ ಬೆಸೆದುಕೊಂಡು ಆದ ಶಿಲೆಯೇ ಕಾಂಗ್ಲಾಮರೇಟ್.

ಇವುಗಳಲ್ಲಿ ಅತ್ಯುತ್ತಮವಾದುದು ಚಿತ್ರದುರ್ಗ ಜಿಲ್ಲೆಯ ತಾಳ್ಯದ ಕಲ್ಲು. 250 ಕೋಟಿ ವರ್ಷಗಳಿಗಿಂತ ಹಳೆಯದಾದ ಈ ಶಿಲೆ ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿದ್ದರಿಂದ, ಒಂದು ಕಾಲಕ್ಕೆ ದುಂಡಗಿದ್ದ ಉಂಡೆಗಲ್ಲುಗಳು ಒಂದೇ ದಿಕ್ಕಿಗೆ ಎಳೆದಂತೆ ನೀಳವಾಗಿವೆ. ಮಾದರಿಯನ್ನು ಎರಡು ಮಗ್ಗುಲಲ್ಲಿ ಕೊಯ್ದು ಕೊಟ್ಟಿರುವುದು ಮಾರಾಟಗಾರರ ಜಾಣತನ: ಉದ್ದಕ್ಕೆ ಕೊಯ್ದ ಮುಖದಲ್ಲಿ ನೀಳವಾಗಿ ಕಾಣುವ ಉಂಡೆಯೇ ಅಡ್ಡ ಕೊಯ್ದ ಮುಖದಲ್ಲಿ ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ. ಬನಗಾನಪಲ್ಲೆಯ ಮಾದರಿಯಲ್ಲಿ ಬಿಳಿಯ ಬೆಣಚುಕಲ್ಲಿನ ಜೊತೆ ಕೆಂಪು ಜಾಸ್ಪರ್ ಸ್ಪಷ್ಟವಾಗಿದೆ. ಆಂಧ್ರದ ಈ ಪದರದಿಂದಲೇ ಹಿಂದೆ ವಜ್ರ ಅಗೆದು ತೆಗೆಯುತ್ತಿದ್ದರೆಂಬುದನ್ನು ಚೀಟಿಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಒಡಿಶಾದ ತಾಲ್ಚೇರ್ ಮಾದರಿ ಹಿಮನದಿ ತಂದು ಸುರಿದದ್ದು. ಜೇಡಿಯಂಥ ನುಣುಪು ಪುಡಿಯ ನಡುವೆ ಕಲ್ಲುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಹುದುಗಿರುವುದನ್ನು ತೋರಿಸಲು ಇದು ಸಾಕು. ಶಿವಾಲಿಕ್ ಬೆಟ್ಟದ ಮಾದರಿಯಂತೂ ಚೀಲದಲ್ಲೇ ಮರಳುದುರಿಸಿಕೊಂಡು ಬಂದಿತು. ಕಲ್ಲು, ಮರಳುಗಳನ್ನು ಹಿಡಿದಿಡುವ ಬೆಸುಗೆ ಸಡಿಲವಾಗಿರುವುದು ಆ ಎಳೆಯ ಶಿಲೆಯ ಗುಣವೇ ಆದರೂ, ಅಂಟುದ್ರವ ಲೇಪಿಸಿ ಕಳುಹಿಸುವುದು ಮಾರಾಟಗಾರರ ಹೊಣೆಯಾಗಿತ್ತು.

ನನ್ನ ಆಕ್ಷೇಪವೆಲ್ಲ ಐದನೆಯದರ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ ಅದರ ತುಣುಕುಗಳ ಅಂಚು ಚೂಪಾಗಿವೆ. ನೀರಿನಲ್ಲಿ ಉರುಳಿ ಸವೆದ ಲಕ್ಷಣವೇ ಇಲ್ಲ. ಅದು ಬ್ರೆಕ್ಸಿಯಾ, ಅಂದರೆ ಚೂಪು ಅಂಚಿನ ತುಣುಕುಗಳು ಬೆಸೆದುಕೊಂಡು ಆದ ಶಿಲೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ತುಣುಕುಗಳ ನಡುವಿನ ಬೆಸುಗೆ ನೊರೆಯುಕ್ಕಿಸಿತು, ಅಂದರೆ ಬೆಸುಗೆ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ್ದು. ಹೋಲಿಸಿ ಕಲಿಸಲು ಅದನ್ನೂ ಇಡಬಹುದು, ಆದರೆ ಚೀಟಿಯಲ್ಲಿ ಕಾಂಗ್ಲಾಮರೇಟ್ ಎಂದು ಬರೆದು, ಸಿಕ್ಕ ಊರನ್ನೂ ಹೇಳದಿರುವುದು ಸರಿಯಲ್ಲ.

'ಎಲ್ಲ ಬಗೆಗಳೂ ಇವೆ' ಎಂಬ ಜಾಹೀರಾತು ಕೂಡ ನಿಜವಲ್ಲ. ಬಹುತೇಕ ಬೆಣಚುಕಲ್ಲಿನ ಉಂಡೆಗಳಿಂದಲೇ ಆದ ಬಗೆ ಇಲ್ಲಿಲ್ಲ. ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯ ಶಿಲೆ ಅದಕ್ಕೆ ಒಳ್ಳೆಯ ಉದಾಹರಣೆ. ದೂರು ಬರೆದ ಮೇಲೆ ಮಳಿಗೆಯವರು ಚೀಟಿ ಬದಲಿಸಿಕೊಟ್ಟರು, ಕಲ್ಲನ್ನಲ್ಲ. ತಾಳ್ಯದ ಮಾದರಿಯೊಂದಕ್ಕಾಗಿಯೇ ಕೊಳ್ಳಬಹುದೆನ್ನುವ ಕಾರಣಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ.